ಐರ್ಲೆಂಡಿನಿಂದ ಗಿರಿಯವರು ತಂದ ಪಾಠ



ಹೊರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಕಟ್ಟಡ, ಬೀದಿ, ಊಟ, ಉಡುಪುಗಳ ಸುದ್ದಿ ಹೇಳುವುದು ವಾಡಿಕೆ. ಐರ್ಲೆಂಡಿನಿಂದ ಹಿಂದಿರುಗಿದ ಶ್ರೀ ವಿ. ವಿ. ಗಿರಿಯವರು ತಂದದ್ದು ದುಡಿಯುವವರ ಸುದ್ದಿ. ಇವರು 1965ರಿಂದ 1967ರವರೆಗೆ ಆಗಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು, 1969ರಲ್ಲಿ ರಾಷ್ಟ್ರಪತಿಗಳಾದರು. ಜಿಗಣಿಯ ಸುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಕಾರ್ಖಾನೆಗಳಿವೆ. ನಮ್ಮ ಮಕ್ಕಳು ಅಲ್ಲಿ ಪಾಳಿ ಕೆಲಸ ಮಾಡುತ್ತಾರೆ. ಆದುದರಿಂದ ಆ ಸುದ್ದಿ ನಮಗೂ ಬೇಕು.

ಅವರು ಕಂಡದ್ದು

ಗಿರಿಯವರು ಕಾನೂನು ಓದಲು ಡಬ್ಲಿನ್ ನಗರಕ್ಕೆ ಹೋದದ್ದು 1913ರಲ್ಲಿ. ಐರ್ಲೆಂಡ್ ಆಗ ನಮ್ಮಂತೆಯೇ ಬ್ರಿಟಿಷರ ಕೈಯಲ್ಲಿತ್ತು. ನಗರದಲ್ಲಿ ಸಾವಿರಾರು ಬಡ ಸಂಸಾರಗಳು ಒಂದೊಂದೇ ಕೋಣೆಯಲ್ಲಿ ಬಾಳುತ್ತಿದ್ದವು. ಆ ವರ್ಷವೇ ಮಾಲೀಕರು, ಕಾರ್ಮಿಕ ಸಂಘವನ್ನು ಬಿಡುವುದಾಗಿ ಬರೆದುಕೊಡದವರಿಗೆ ಕೆಲಸವಿಲ್ಲವೆಂದು ಬೀಗಮುದ್ರೆ ಹಾಕಿದರು. ಸುಮಾರು 20,000 ಮಂದಿ ಕೂಲಿ ಕಳೆದುಕೊಂಡರು. ಇಂಗ್ಲೆಂಡಿನ ಕಾರ್ಮಿಕರು ಹಡಗಿನಲ್ಲಿ ಆಹಾರ ಕಳುಹಿಸಿದರು. ಆದರೂ 1914ರ ಆರಂಭದಲ್ಲಿ ಜನ ಹಸಿವಿನಿಂದ ಸೋತು ಕೆಲಸಕ್ಕೆ ಮರಳಬೇಕಾಯಿತು. ಸಂಘ ಮಾತ್ರ ಅಳಿಯಲಿಲ್ಲ. ಮುಂದೆ ಬಲವಾಗಿ ಬೆಳೆಯಿತು.

ಅವರು ಮಾಡಿದ್ದು

1916ರ ಐರಿಷ್ ದಂಗೆಯ ನಂತರ ದೇಶ ಬಿಡಬೇಕೆಂದು ಗಿರಿಯವರಿಗೆ ಆಜ್ಞೆಯಾಯಿತು. ತಾಯ್ನಾಡಿಗೆ ಬಂದು ಬಂಗಾಳ-ನಾಗಪುರ ರೈಲ್ವೆಯ ನೌಕರರನ್ನು ಸಂಘಟಿಸಿದರು. 1952ರಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿಗಳಾದರು. ಮಾಲೀಕರೂ ಕೆಲಸಗಾರರೂ ಎದುರುಬದುರು ಕುಳಿತು ತಾವೇ ಒಪ್ಪಂದಕ್ಕೆ ಬರಬೇಕು, ಹೊರಗಿನವರ ತೀರ್ಪಿಗೆ ಕಾಯುತ್ತ ಕೂರಬಾರದು ಎಂಬುದು ಅವರ ನಿಲುವು. ಬ್ಯಾಂಕ್ ನೌಕರರ ಪರವಾದ ತೀರ್ಪನ್ನು ಸರ್ಕಾರ ಬದಲಿಸಿದಾಗ, 1954ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು.

ನಾವು ಕಲಿಯಬೇಕಾದದ್ದು

ಒಂದು ಬದುವಿನ ಜಗಳಕ್ಕೆ ಕೋರ್ಟು ಹತ್ತಿದರೆ ಹೊಲವೇ ಕರಗುವುದೆಂದು ರೈತರಿಗೆ ತಿಳಿದಿದೆ. ಹಿರಿಯರು ಕುಳಿತು ಬಿಡಿಸಿದರೆ ಇಬ್ಬರೂ ಉಳಿಯುತ್ತಾರೆ. ಕಾರ್ಖಾನೆಯ ವ್ಯಾಜ್ಯವೂ ಹಾಗೆಯೇ. ಆದರೆ ಕೂತು ಮಾತನಾಡಲು ಕೈಯಲ್ಲಿ ಕಾಗದ ಬೇಕು, ಬೆನ್ನಿಗೆ ಜೊತೆಗಾರರು ಬೇಕು.

1. ಕೆಲಸಕ್ಕೆ ಸೇರುವಾಗ ನೇಮಕಾತಿ ಪತ್ರ ಕೇಳಿ ಪಡೆಯಲಿ. ಪ್ರತಿ ತಿಂಗಳ ಸಂಬಳದ ಚೀಟಿಯನ್ನು ಜೋಪಾನವಾಗಿ ಇಡಲಿ.

2. ಗುತ್ತಿಗೆದಾರನ ಮೂಲಕ ಸೇರಿದವರು ಭವಿಷ್ಯನಿಧಿ ಮತ್ತು ಇ.ಎಸ್.ಐ. ಸಂಖ್ಯೆಗಳನ್ನು ವಿಚಾರಿಸಿಕೊಳ್ಳಲಿ. ಸಂಬಳದಲ್ಲಿ ಹಣ ಮುರಿದುಕೊಂಡ ಮಾತ್ರಕ್ಕೆ ಅದು ಖಾತೆಗೆ ಸೇರಿತೆಂದು ನಂಬಿ ಕೂರಬಾರದು.

3. ಬೇಡಿಕೆಯನ್ನು ಒಬ್ಬೊಬ್ಬರೇ ಕೂಗಾಡುವ ಬದಲು ಎಲ್ಲರೂ ಕೂಡಿ ಬರೆದುಕೊಡಲಿ. ಒಂದು ಪ್ರತಿ ತಮ್ಮಲ್ಲಿರಲಿ.

4. ಹೊಲ ಉಳಿದಿರುವವರು ವರ್ಷದ ರಾಗಿಯನ್ನು ಮನೆಯಲ್ಲಿಟ್ಟುಕೊಂಡೇ ಮಿಕ್ಕದ್ದನ್ನು ಮಾರಿರಿ. ಕೆಲಸ ನಿಂತ ತಿಂಗಳಲ್ಲಿ ನಮ್ಮೂರಿಗೆ ಹಡಗು ಬರುವುದಿಲ್ಲ. ಕಣಜವೇ ನಮ್ಮ ಹಡಗು.

ಚಾವಡಿಯಲ್ಲಿ ಚರ್ಚಿಸಿರಿ: ನಮ್ಮೂರಿನಿಂದ ಕಾರ್ಖಾನೆಗೆ ಹೋಗುವವರು ಎಷ್ಟು ಮಂದಿ? ಅವರಲ್ಲಿ ನೇಮಕಾತಿ ಪತ್ರ ಇರುವವರು ಎಷ್ಟು ಮಂದಿ?