ಹೆಸರು ಸರಿಯಾಗಿ ಕೂಗಪ್ಪ

ಈ ಸಲದ ತಾಲ್ಲೂಕು ಮಟ್ಟದ ಪ್ರೌಢಶಾಲಾ ಕ್ರೀಡಾಕೂಟದಲ್ಲಿ ಕಬಡ್ಡಿ ಕಾಮೆಂಟರಿಗೆ ನಿನ್ನನ್ನೇ ಕರೆದಿದ್ದಾರೆ ಅಂತ ಕೇಳಿ ಸಂತೋಷವಾಯಿತು. ಗಂಟಲು ಚೆನ್ನಾಗಿದೆ, ಮಾತೂ ಬರುತ್ತದೆ. ಅದಕ್ಕೇ ನನಗೆ ಸ್ವಲ್ಪ ಭಯ. ಮಾತು ಬರುವವರೇ ಈ ಕೆಲಸವನ್ನು ಹೆಚ್ಚು ಕೆಡಿಸುವುದು.

ಮೊದಲು ಕೂರುವ ಜಾಗದ ವಿಚಾರ. ಟಿ.ವಿ.ಯವರಿಗಾದರೆ ಗಾಜಿನ ಕೋಣೆ, ಎದುರಿಗೆ ಪರದೆ, ಮತ್ತೆ ಮತ್ತೆ ನೋಡುವುದಕ್ಕೆ ರೀಪ್ಲೇ. ನಿನಗೆ ಸಿಗುವುದು ಶಾಮಿಯಾನದ ಒಂದು ಮೂಲೆ. ಶ್ರೀರಂಗಪಟ್ಟಣವಾದರೂ ಅಷ್ಟೆ, ಪಾಂಡವಪುರವಾದರೂ ಅಷ್ಟೆ, ಕೆ.ಆರ್. ಪೇಟೆಯಲ್ಲೂ ನಾಗಮಂಗಲದಲ್ಲೂ ನಾನು ಕಂಡದ್ದು ಅದೇ ಮೇಜು. ಅದರ ಮೇಲೆ ಆಂಪ್ಲಿಫೈಯರ್, ಟ್ರೋಫಿಗಳು, ಹಾರದ ಬುಟ್ಟಿ, ಮೈಸೂರು ಪೇಟ, ನೀರಿನ ಬಾಟಲಿ. ಉಳಿದ ಗೇಣುದ್ದ ಜಾಗದಲ್ಲಿ ಸ್ಕೋರರ್ ಹಾಳೆ. ಮುಂದೆ ಗಣ್ಯರ ಬೆನ್ನುಗಳು. ಅಲ್ಲಿ ಕೂತು ಆಟ ನೋಡಲಾರೆ. ಸಂಘಟಕರಿಗೆ ಕೈಮುಗಿದು ಹೇಳು: ನನಗೆ ವೇದಿಕೆ ಬೇಡ, ನಡುಗೆರೆಯ ನೇರಕ್ಕೆ ಒಂದು ಪ್ಲಾಸ್ಟಿಕ್ ಕುರ್ಚಿ ಸಾಕು, ಸ್ಕೋರರ್ ಪಕ್ಕದಲ್ಲಿ. ಎರಡೂ ಕಡೆಯ ಬೋನಸ್ ಗೆರೆ ಒಂದೇ ಅಳತೆಯಲ್ಲಿ ಕಾಣುವುದು ಅಲ್ಲಿಂದ ಮಾತ್ರ. ಹಾರ್ನ್ ನಿನ್ನ ಬೆನ್ನ ಹಿಂದೆ ಇರದಂತೆಯೂ ನೋಡಿಕೋ, ಇಲ್ಲದಿದ್ದರೆ ದಿನವಿಡೀ ಮೈಕ್ ಕುಯ್ಯೋ ಅನ್ನುತ್ತದೆ.

ಒಂದು ಹಳೆಯ ಸಂಗತಿ ಹೇಳುತ್ತೇನೆ. 1927ರ ಜನವರಿಯಲ್ಲಿ ಲಂಡನ್ನಿನ ಟ್ವಿಕೆನ್‌ಹ್ಯಾಮ್ ಮೈದಾನದಲ್ಲಿ ಇಂಗ್ಲೆಂಡಿಗೂ ವೇಲ್ಸಿಗೂ ರಗ್ಬಿ ಪಂದ್ಯ. ಬಿ.ಬಿ.ಸಿ. ರೇಡಿಯೋ ಆಟವೊಂದನ್ನು ನಡೆಯುತ್ತಿರುವಂತೆಯೇ ಬಣ್ಣಿಸಿದ್ದು ಅದೇ ಮೊದಲು. ಹೇಳಿದವರು ಟೆಡ್ಡಿ ವೇಕ್‌ಲ್ಯಾಮ್. ಅವರ ಎದುರಿಗೆ ಕಣ್ಣು ಕಾಣದ ಒಬ್ಬರನ್ನು ಕೂರಿಸಿ, ಇವರಿಗೆ ಆಟ ಕಾಣಿಸುವ ಹಾಗೆ ಮಾತಾಡಿ ಅಂದರಂತೆ. ನಿನ್ನ ಎದುರಿಗೂ ಅಂಥವರಿದ್ದಾರೆ. ಕಣ್ಣು ಕಾಣುತ್ತದೆ, ಆಟ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಐದನೇ ಸಾಲಿನಲ್ಲಿ ತುದಿಗಾಲಲ್ಲಿ ನಿಂತವರು, ಬಿಸಿಯೂಟದ ಕೋಣೆಯಲ್ಲಿ ಅನ್ನ ಬಸಿಯುತ್ತಿರುವವರು, ಕಾಂಪೌಂಡಿನಾಚೆ ಕಬ್ಬಿಗೆ ನೀರು ಕಟ್ಟುತ್ತಿರುವ ಅಪ್ಪ. ಹಾರ್ನ್ ಸದ್ದು ಅಲ್ಲಿಯವರೆಗೂ ಹೋಗುತ್ತದೆ ಕಣಪ್ಪ. ಅವನಿಗೆ ಬೇಕಾದ್ದು ಮೂರು: ಯಾರು ದಾಳಿಗೆ ಹೋದ, ಎದುರಿಗೆ ಎಷ್ಟು ಜನ, ಅಂಕ ಎಷ್ಟು. ನಿನ್ನ ಉಪಮೆಗಳಿಗಾಗಿ ಅವನು ಕಾದಿಲ್ಲ.

ಈಗ ಮುಖ್ಯ ವಿಚಾರ, ಹೆಸರು. ಪಂದ್ಯಕ್ಕೆ ಮುಂಚೆ ಎರಡೂ ತಂಡದ ಪಿ.ಟಿ. ಮೇಷ್ಟ್ರ ಬಳಿಗೆ ಹೋಗು. ಪಟ್ಟಿ ಇಸಕೊಂಡರೆ ಸಾಲದು, ಮಕ್ಕಳ ಬಾಯಿಂದಲೇ ಹೆಸರು ಹೇಳಿಸು. ಎಳಸು ಕೈಬರಹದಲ್ಲಿ ‘ಧನುಷ್’ ‘ದರ್ಶನ್’ ಆಗಿರುತ್ತದೆ. ಒಂದೇ ತಂಡದಲ್ಲಿ ಇಬ್ಬರು ಚಂದನ್ ಇರುತ್ತಾರೆ; ಅಲ್ಲಿ ಚೆಸ್ಟ್ ನಂಬರ್ ಸೇರಿಸು. ಹೆಸರಿನ ಬಾಲಕ್ಕೆ ಜಾತಿ ಅಂಟಿದ್ದರೆ ಅದನ್ನು ಪಟ್ಟಿಯಲ್ಲೇ ಬಿಟ್ಟುಬಿಡು, ಊರು ಹೇಳು. ಕಿಕ್ಕೇರಿ, ಚಿನಕುರಳಿ, ಅರಕೆರೆ, ಬಿಂಡಿಗನವಿಲೆ ಎಂದು ಕೂಗಿದರೆ ಮೈದಾನದ ಒಂದು ಮೂಲೆ ಎದ್ದು ನಿಲ್ಲುತ್ತದೆ. ಇವರಲ್ಲಿ ಹೆಚ್ಚಿನವರು ಜಿಲ್ಲಾ ಮಟ್ಟ ದಾಟುವುದಿಲ್ಲ. ಮೈಸೂರು ವಿಭಾಗಕ್ಕೆ, ಅಲ್ಲಿಂದ ರಾಜ್ಯಕ್ಕೆ ಹೋಗುವವರು ಬೆರಳೆಣಿಕೆ. ಮಿಕ್ಕವರ ಹೆಸರು ಹಾರ್ನಿನಲ್ಲಿ ಕೇಳುವುದು ಬಹುಶಃ ಇದೊಂದೇ ದಿನ. ಅದನ್ನೂ ತಪ್ಪಾಗಿ ಕೂಗಿದರೆ ಹೇಗೆ?

ಇನ್ನು ಕೆಲವರು ದಾಟುತ್ತಾರೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ನಮ್ಮ ವನಿತೆಯರ ತಂಡದಲ್ಲಿ ಬಿ. ಚೈತ್ರಾ ಇದ್ದರು, ಊರು ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರು. ನೀನು ಇವತ್ತು ಕರೆಯುವ ಏಳು ಜನರಲ್ಲಿ ನಾಳೆ ಯಾರಿದ್ದಾರೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಿಯಮ ಓದಿಕೊಂಡು ಹೋಗು. ದಾಳಿಗೆ 30 ಸೆಕೆಂಡು, ಎದುರಿಗೆ ಆರು ಜನವಾದರೂ ಇದ್ದರೆ ಮಾತ್ರ ಬೋನಸ್, ಇಡೀ ತಂಡ ಔಟಾದರೆ ಲೋನಾದ ಎರಡು ಅಂಕ ಬೇರೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ‘ಡೂ ಆರ್ ಡೈ’, ‘ಸೂಪರ್ ಟ್ಯಾಕಲ್’ ಎಲ್ಲರ ಬಾಯಲ್ಲೂ ಬಂದಿದೆ. ಊರಿನ ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಒಂದು ಲೆಕ್ಕ, ಶಾಲೆ ಮಕ್ಕಳ ಪಂದ್ಯದಲ್ಲಿ ಇನ್ನೊಂದು ಲೆಕ್ಕ ಇರಬಹುದು. ಇವತ್ತು ಯಾವುದು ಅಂತ ರೆಫರಿಯನ್ನು ಮೊದಲೇ ಕೇಳಿಕೋ.

ಆ ರೆಫರಿಯ ತೀರ್ಪು ಬರುವ ಮುಂಚೆ ನಿನ್ನ ಬಾಯಿಂದ ಅಂಕ ಬರಕೂಡದು. ಇದನ್ನು ಮಾತ್ರ ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮೈಕ್ ಸಿಕ್ಕವನ ಮಾತಿನಿಂದ ಎರಡು ಊರಿಗೆ ಜಗಳ ಹತ್ತುವುದನ್ನು ನಾನು ನೋಡಿದ್ದೇನೆ. ‘ಮುಟ್ಟಿದ, ಮುಟ್ಟಿದ!’ ಅಂತ ನೀನು ಕೂಗಿದೆ, ರೆಫರಿ ಇಲ್ಲ ಅಂದರು, ಅಲ್ಲಿಗೆ ಮುಗಿಯಿತು. ಜನ ನಂಬುವುದು ಹಾರ್ನನ್ನು, ಸೀಟಿಯನ್ನಲ್ಲ. ಆ ರೆಫರಿಯೂ ಯಾವುದೋ ಶಾಲೆಯ ಪಿ.ಟಿ. ಮೇಷ್ಟ್ರೇ, ಸಂಜೆ ಅದೇ ದಾರಿಯಲ್ಲಿ ಬೈಕಿನಲ್ಲಿ ಮನೆಗೆ ಹೋಗಬೇಕಾದವರು. ಕಂಡದ್ದು ಹೇಳು: ಕೈ ಚಾಚಿದ, ಎಡ ಮೂಲೆಯವನು ಕಾಲು ಹಿಡಿದ, ಗೆರೆಯತ್ತ ಎಳೆದುಕೊಂಡು ಬಂದ. ಆಮೇಲೆ ಬಾಯಿ ಮುಚ್ಚಿಕೊಂಡು ರೆಫರಿಯ ಕೈ ನೋಡು. ಆ ಎರಡು ಸೆಕೆಂಡಿನ ಮೌನ ಜನಕ್ಕೂ ಇಷ್ಟ.

ಚೀಟಿಗಳ ಕಾಟ ಬೇರೆ. ಟ್ರೋಫಿ ಕೊಟ್ಟವರು, ಊಟ ಕೊಟ್ಟವರು, ಕೊಡುತ್ತೇನೆ ಅಂದವರು, ಈಗ ತಾನೇ ಕಾರಿನಿಂದ ಇಳಿದವರು. ನಮ್ಮ ಜಿಲ್ಲೆಯಲ್ಲಿ ಇಳಿಯುವವರಿಗೇನು ಕಡಿಮೆಯೇ! ದಾಳಿ ನಡುವೆ ‘ಮಾನ್ಯರು ವೇದಿಕೆಗೆ ಆಗಮಿಸಬೇಕು’ ಅಂತ ಓದಬೇಡ. ಚೀಟಿಗಳನ್ನೆಲ್ಲ ಸ್ಕೋರ್ ಹಾಳೆಯ ಕೆಳಗೆ ಸೇರಿಸಿಟ್ಟು, ಟೈಮ್ ಔಟ್‌ನಲ್ಲಿ ಒಂದೇ ಉಸಿರಿಗೆ ಓದು. ಯಾರಾದರೂ ಮುನಿಸಿಕೊಂಡರೆ ಬಿಡುವಿನಲ್ಲಿ ಎಳನೀರು ಕುಡಿಸು, ಸರಿಹೋಗುತ್ತಾರೆ.

ಹೊಗಳಿಕೆಗೂ ಅಳತೆ ಇರಲಿ. 2019ರ ಜನವರಿ 5ರಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ ಕಪ್ ಎತ್ತಿದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ಅಲ್ಲಿ ಗಂಟಲು ಹರಿದುಕೊಂಡರೆ ನ್ಯಾಯ. ಒಂಬತ್ತನೇ ತರಗತಿ ಹುಡುಗನ ಮೊದಲ ಟಚ್‌ಗೇ ‘ಮಂಡ್ಯದ ಹುಲಿ’ ಅಂದರೆ, ಮುಂದಿನ ದಾಳಿಯಲ್ಲಿ ಅವನು ಸಿಕ್ಕಿಬಿದ್ದಾಗ ಜನ ನಗುವುದು ಅವನನ್ನು ನೋಡಿ, ನಿನ್ನನ್ನಲ್ಲ. ಯಾರ ಕೈಯಿಂದ ಪಟ್ಟು ಜಾರಿತು ಎಂದು ಎರಡನೇ ಸಲ ಹೇಳಬೇಡ. ಮೈಕಟ್ಟಿನ ಮಾತು ಬೇಡವೇ ಬೇಡ: ಡುಮ್ಮ, ಕಡ್ಡಿ, ಕುಳ್ಳ ಯಾವುದೂ. ಹೆಣ್ಣುಮಕ್ಕಳ ಪಂದ್ಯದಲ್ಲಿ ‘ಹುಡುಗರನ್ನೂ ಮೀರಿಸುವಂತೆ’ ಎಂಬ ಹಳಸಲು ವಾಕ್ಯ ಬಿಡು. ಅವರು ಯಾರನ್ನೂ ಮೀರಿಸಲು ಬಂದಿಲ್ಲ, ಎದುರಿನ ತಂಡವನ್ನು ಸೋಲಿಸಲು ಬಂದಿದ್ದಾರೆ.

ಖೋ-ಖೋಗೂ ನಿನ್ನನ್ನೇ ಕೂರಿಸಿದರೆ ಪ್ರತಿ ‘ಖೋ’ ಹಿಂದೆ ಓಡಬೇಡ, ನಾಲಗೆ ಸೋಲುತ್ತದೆ. ಮೂವರು ಓಟಗಾರರಲ್ಲಿ ಎಷ್ಟು ಜನ ಉಳಿದರು, ಎಷ್ಟು ಹೊತ್ತು ನಿಂತರು ಅನ್ನುವುದು ಸಾಕು.

ಬೆಳಿಗ್ಗೆ ಒಂಬತ್ತಕ್ಕೇ ಮೈದಾನದಲ್ಲಿರು. ಉದ್ಘಾಟನೆ ಹತ್ತಕ್ಕೆ ಅಂತ ಕರಪತ್ರದಲ್ಲಿದ್ದರೆ ಹನ್ನೊಂದೂವರೆಗೆ ಆಗುತ್ತದೆ. ಅಷ್ಟರಲ್ಲಿ ಎಲ್ಲ ತಂಡದ ಹೆಸರೂ ದೊಡ್ಡ ಅಕ್ಷರದಲ್ಲಿ ಬರೆದುಕೊಂಡು, ಒಂದು ಸಲ ಗಟ್ಟಿಯಾಗಿ ಓದಿಕೋ.