ನಂಬಿಕೆ ಯಾವ ಕೆಲಸಕ್ಕ?

ನಾನು ಹುಬ್ಬಳ್ಳಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪಾಲಿಕೆ, ವಿಧಾನಸಭೆ, ಲೋಕಸಭೆಗಳ ಜೊತೆಗೆ ವಿಧಾನ ಪರಿಷತ್ತಿನ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲೂ ನನಗೆ ಮತವಿದೆ. ಮಗಳು ಇಂಗ್ಲೆಂಡಿನ ಲೆಸ್ಟರ್ ಊರಿನಲ್ಲಿ ಕೆಲಸಕ್ಕಿದ್ದಾಳೆ. 2022ರಿಂದ 2024ರೊಳಗೆ ಮೂರು ಚುನಾವಣೆಗಳ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ, ಓಣಿಯಲ್ಲಿ, ರಾತ್ರಿ ಮಗಳ ಜೊತೆ ಫೋನಿನಲ್ಲಿ ಜೋರು ವಾದ ನಡೆಯಿತು. ಮೂರರಲ್ಲೂ ಕೇಳಿಬಂದ ಪ್ರಶ್ನೆ ಒಂದೇ: ಈ ಮನುಷ್ಯನನ್ನು ನಂಬಬಹುದೇ? ಉತ್ತರ ಮಾತ್ರ ಮೂರು ಕಡೆ ಮೂರು ಥರ ಬಂತು. ಅದರಿಂದ ನಾನು ಕಲಿತದ್ದು ಮುಂದಿನ ಚುನಾವಣೆಗೆ ಯಾರಿಗಾದರೂ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲನೆಯದು ಶಿಕ್ಷಕರ ಕ್ಷೇತ್ರ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ಈ ಕ್ಷೇತ್ರದಿಂದ ಬಸವರಾಜ ಹೊರಟ್ಟಿ 1980ರಿಂದ ಸತತವಾಗಿ ಗೆದ್ದು ಬಂದವರು. ಅದಕ್ಕೂ ಮೊದಲು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರಾಗಿದ್ದರು. ಬಹುಕಾಲ ಜನತಾ ಪರಿವಾರದಲ್ಲಿದ್ದ ಅವರು 2022ರ ಮೇ ತಿಂಗಳಲ್ಲಿ ಬಿಜೆಪಿ ಸೇರಿದರು. ಮತದಾನ ಜೂನ್ 13ಕ್ಕೆ.

‘ಇಷ್ಟು ವರ್ಷ ಒಂದ ಕಡೆ ಇದ್ದಾವ್ರು ಈಗ ಹೊರಳಿದ್ರ ನಂಬೂದು ಹೆಂಗ?’ ಎಂದು ವಯಸ್ಸಿನಲ್ಲಿ ಚಿಕ್ಕ ಸಹೋದ್ಯೋಗಿ ಕೇಳಿದಳು. 2006ರ ಏಪ್ರಿಲ್ 1ರ ನಂತರ ನೌಕರಿಗೆ ಸೇರಿದವಳು. ಹಳೆಯ ಪಿಂಚಣಿ ಇಲ್ಲದ ತಲೆಮಾರು. ನಿವೃತ್ತಿಯ ಅಂಚಿನಲ್ಲಿದ್ದ ಗಣಿತದ ಮಾಸ್ತರರು ಶಾಂತವಾಗಿ ಉತ್ತರ ಕೊಟ್ಟರು: ‘ನಮಗ ಬೇಕಾದದ್ದು ಫೈಲು ಯಾವ ಟೇಬಲ್ ಮ್ಯಾಲೆ ನಿಂತದ ಅಂತ ಗೊತ್ತಿದ್ದಾವ್ರು. ಪಕ್ಷ ಯಾವ್ದಾದ್ರೂ ಇರ್ಲಿ.’ ಅವಳಿಗೆ ಪಿಂಚಣಿ ನೀತಿಯೇ ಬದಲಾಗಬೇಕಿತ್ತು, ಇವರಿಗೆ ಇದ್ದ ನೀತಿಯಲ್ಲಿ ಕೆಲಸ ಆಗಬೇಕಿತ್ತು. ಇಬ್ಬರ ಮಾತೂ ಸರಿಯೇ ಆಗಿತ್ತು.

ಆ ಚುನಾವಣೆಯಲ್ಲಿ ಮತಯಂತ್ರ ಇರುವುದಿಲ್ಲ. ಕಾಗದದ ಮತಪತ್ರ ಕೊಡುತ್ತಾರೆ, ಜೊತೆಗೆ ನೇರಳೆ ಬಣ್ಣದ ಸ್ಕೆಚ್ ಪೆನ್ನು. ಅದರಿಂದಲೇ ಬರೆಯಬೇಕು, ಸ್ವಂತ ಪೆನ್ನು ನಡೆಯುವುದಿಲ್ಲ. ಹೆಸರಿನ ಮುಂದೆ 1 ಎಂದು ಬರೆದರೆ ಮೊದಲ ಪ್ರಾಶಸ್ತ್ಯ. ಬೇಕಾದರೆ ಇನ್ನೊಬ್ಬರಿಗೆ 2, ಮತ್ತೊಬ್ಬರಿಗೆ 3. ಮೊದಲು ಆರಿಸಿದವರು ಎಣಿಕೆಯಲ್ಲಿ ಹೊರಬಿದ್ದರೆ ನಮ್ಮ ಮತ ಎರಡನೆಯವರಿಗೆ ಹೋಗುತ್ತದೆ. ಒಬ್ಬರನ್ನು ಪೂರ್ತಿ ನಂಬಿ ಉಳಿದವರನ್ನು ಪೂರ್ತಿ ತಳ್ಳಿಹಾಕುವ ಅಗತ್ಯ ಅಲ್ಲಿಲ್ಲ. ಆ ಚೀಟಿಯ ಮುಂದೆ ನಿಂತಾಗ, ನಂಬಿಕೆಗೆ ಮೇಲು ಕೆಳಗಿನ ಮೆಟ್ಟಿಲುಗಳಿವೆ ಎಂಬುದು ನನಗೆ ಸ್ಪಷ್ಟವಾಯಿತು. ಹೊರಟ್ಟಿ ಎಂಟನೆಯ ಬಾರಿ ಗೆದ್ದರು. ಪಕ್ಷ ಬದಲಾದದ್ದು ಅವರ ಗೆಲುವಿಗೆ ಅಡ್ಡ ಬರಲಿಲ್ಲ.

ಒಂದು ವರ್ಷ ತುಂಬುವುದರೊಳಗೆ ಅದೇ ಊರಿನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಜಗದೀಶ ಶೆಟ್ಟರ್ 1994ರಿಂದ 2018ರವರೆಗೆ ಆರು ಬಾರಿ ಶಾಸಕರಾಗಿ ಗೆದ್ದವರು, 2012–13ರಲ್ಲಿ ಮುಖ್ಯಮಂತ್ರಿಯಾಗಿದ್ದವರು. 2023ರಲ್ಲಿ ಬಿಜೆಪಿ ಟಿಕೆಟ್ ಸಿಗದೆ ಏಪ್ರಿಲ್ 17ರಂದು ಕಾಂಗ್ರೆಸ್ ಸೇರಿ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಿಂದಲೇ ನಿಂತರು. ಅಲ್ಲಿಂದ ಮೇ 10ರವರೆಗೆ ನಮ್ಮ ಓಣಿಯಲ್ಲಿ ಬೇರೆ ಮಾತೇ ಇರಲಿಲ್ಲ. ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತ ನಿಂತವರದೂ ಅದೇ ಚರ್ಚೆ. ಹಿರಿಯರನ್ನು ಪಕ್ಷ ಹೀಗೆ ನಡೆಸಿಕೊಳ್ಳಬಾರದಿತ್ತು ಎಂದು ಒಬ್ಬರು. ಪಕ್ಷ ಎಲ್ಲವನ್ನೂ ಕೊಟ್ಟಿತ್ತು, ಬಿಡಬಾರದಿತ್ತು ಎಂದು ಇನ್ನೊಬ್ಬರು. ಎದುರು ಮನೆಯ ಅಜ್ಜಿಯ ಮಾತು ನನ್ನ ಮನಸ್ಸಿನಲ್ಲಿ ನಿಂತಿತು: ‘ಮನಷ್ಯಾ ಚಲೋ ಅದಾನ. ಆದ್ರ ಅಂವ ಕೇಳಾಕತ್ತಿದ್ದು ತನ್ನ ಓಟ್ ಅಲ್ಲಲ್ಲ, ಬ್ಯಾರೆ ಸರಕಾರದ ಓಟು.’

ಫಲಿತಾಂಶ ಬಂದಾಗ ಬಿಜೆಪಿಯ ಮಹೇಶ ಟೆಂಗಿನಕಾಯಿ 34,289 ಮತಗಳಿಂದ ಗೆದ್ದಿದ್ದರು. 2018ರಲ್ಲಿ ಇದೇ ಕ್ಷೇತ್ರ ಶೆಟ್ಟರ್ ಅವರನ್ನು 21,306 ಮತಗಳಿಂದ ಗೆಲ್ಲಿಸಿತ್ತು. ಮುಂದೆ 2024ರ ಜನವರಿಯಲ್ಲಿ ಅವರು ಬಿಜೆಪಿಗೆ ಮರಳಿದರು, ಬೆಳಗಾವಿಯಿಂದ ಲೋಕಸಭೆಗೆ ದೊಡ್ಡ ಅಂತರದಿಂದಲೇ ಆಯ್ಕೆಯಾದರು.

ಶಿಕ್ಷಕರ ಕ್ಷೇತ್ರದಲ್ಲಿ ಮತದಾರರು ಕಡಿಮೆ, ಕೆಲಸ ನಿರ್ದಿಷ್ಟ, ಅಭ್ಯರ್ಥಿಯ ಮುಖ ಪರಿಚಿತ. ಆ ಮತದಿಂದ ಸರಕಾರ ಬೀಳುವುದೂ ಇಲ್ಲ, ಏಳುವುದೂ ಇಲ್ಲ. ವಿಧಾನಸಭೆಯಲ್ಲಿ ಹಾಗಲ್ಲ. ಒಂದು ಗುಂಡಿ ಒತ್ತುತ್ತೇವೆ, ವಿವಿಪ್ಯಾಟ್‌ನ ಗಾಜಿನ ಹಿಂದೆ ಏಳು ಸೆಕೆಂಡು ಚೀಟಿ ಕಾಣುತ್ತದೆ, ಬೀಳುತ್ತದೆ. ಆ ಒಂದೇ ಚೀಟಿ ನಮ್ಮ ಶಾಸಕ ಯಾರು, ಆಳುವ ಪಕ್ಷ ಯಾವುದು, ಮುಖ್ಯಮಂತ್ರಿ ಯಾರಾಗಬೇಕು ಎಂಬ ಮೂರಕ್ಕೂ ಉತ್ತರ ಹೇಳಬೇಕು. ಮೂರೂ ಉತ್ತರ ಒಂದೇ ದಿಕ್ಕಿಗಿದ್ದರೆ ತೊಂದರೆಯಿಲ್ಲ. ಬೇರೆ ಬೇರೆ ದಿಕ್ಕಿಗಿದ್ದಾಗ ಯಾವುದನ್ನು ಮುಂದಿಡಬೇಕು ಎಂಬುದೇ ಮತದಾರನ ನಿಜವಾದ ಸಂಕಟ. ನಮ್ಮ ಓಣಿಯಲ್ಲಿ ಕೂಗಾಡಿದವರಲ್ಲಿ ಬಹಳಷ್ಟು ಮಂದಿ ಆ ಮನುಷ್ಯನ ಬಗ್ಗೆ ಒಂದೇ ಅಭಿಪ್ರಾಯದವರು. ಜಗಳವಿದ್ದದ್ದು ಈ ಮೂರರ ಕ್ರಮದಲ್ಲಿ.

ಮೂರನೆಯ ವಾದ ಬ್ರಿಟನ್ನಿನದು. ಆಗಿನ ಪ್ರಧಾನಿ ರಿಷಿ ಸುನಕ್ ಅವರ ಹೆಂಡತಿ ಅಕ್ಷತಾ ಮೂರ್ತಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಹಾಗಾಗಿ ಸುನಕ್ ನಮಗೆಲ್ಲ ಊರ ಅಳಿಯ. ಅತ್ತ ಮಗಳಿಗೆ 2024ರ ಮೇ 7ರಂದು ಧಾರವಾಡ ಲೋಕಸಭೆಗೆ ಮತ ಹಾಕಲು ಆಗಲಿಲ್ಲ; ಅದಕ್ಕೆ ಖುದ್ದಾಗಿ ಇಲ್ಲಿಗೇ ಬರಬೇಕು. ಆದರೆ ಜುಲೈ 4ರ ಬ್ರಿಟಿಷ್ ಚುನಾವಣೆಯಲ್ಲಿ ಅವಳಿಗೆ ಮತವಿತ್ತು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಕಾನೂನುಬದ್ಧವಾಗಿ ಅಲ್ಲಿ ನೆಲೆಸಿದ್ದರೆ, ತಮ್ಮ ದೇಶದ ಪಾಸ್‌ಪೋರ್ಟ್ ಇದ್ದರೂ, ಮತ ಹಾಕಬಹುದು.

‘ನಮ್ಮಾಂವಗ ಹಾಕ್ತೀಯಲಾ?’ ಎಂದು ಅವಳ ಸೋದರಮಾವ ಕೇಳಿದ. ಅವಳು ಹೇಳಿದ್ದು: ‘ಮಾಮಾ, ಆಸ್ಪತ್ರಿ ಚಿಕಿತ್ಸಾಕ್ಕ ಕಾಯೋ ಪಟ್ಟಿ 75 ಲಕ್ಷ ದಾಟೇದ. ನನ್ನಂಥವರ ವೀಸಾಕ್ಕ ಬೇಕಾದ ಪಗಾರ 26,200 ಪೌಂಡಿನಿಂದ 38,700ಕ್ಕ ಏರಿಸ್ಯಾರ. ಇದನ್ನ ಮಾಡಿದ್ದೂ ನಮ್ಮಾಂವನ ಸರಕಾರನ.’

ಅವಳ ಆಫೀಸಿನಲ್ಲಿ ವಾದ ಇನ್ನೂ ಬಿರುಸಾಗಿತ್ತಂತೆ. ಕೋವಿಡ್ ಕಾಲದಲ್ಲಿ ಜನ ಮನೆಯೊಳಗಿದ್ದಾಗ ಪ್ರಧಾನಿ ಕಚೇರಿಯಲ್ಲಿ ಪಾರ್ಟಿಗಳು ನಡೆದದ್ದನ್ನು ಕನ್ಸರ್ವೇಟಿವ್ ಪಕ್ಷದ ಹಳೆಯ ಮತದಾರರೂ ಮರೆತಿರಲಿಲ್ಲ. 2022ರಲ್ಲಿ ಒಂದೇ ವರ್ಷ, ಸಾರ್ವತ್ರಿಕ ಚುನಾವಣೆಯೇ ಇಲ್ಲದೆ, ಜಾನ್ಸನ್, ಟ್ರಸ್, ಸುನಕ್ ಎಂದು ಮೂವರು ಪ್ರಧಾನಿಗಳನ್ನು ಕಂಡಿದ್ದರು. ಲೇಬರ್ ನಾಯಕ ಕಿಯರ್ ಸ್ಟಾರ್ಮರ್ ಮೇಲೂ ಪೂರ್ಣ ವಿಶ್ವಾಸವಿರಲಿಲ್ಲ. ಹಸಿರು ಇಂಧನಕ್ಕೆ ವರ್ಷಕ್ಕೆ 28 ಬಿಲಿಯನ್ ಪೌಂಡ್ ಎಂಬ ಭರವಸೆಯನ್ನು ಅವರು ಫೆಬ್ರವರಿಯಲ್ಲೇ ಕೈಬಿಟ್ಟಿದ್ದರು. ಜೂನ್ 4ರ ಟಿವಿ ಚರ್ಚೆಯಲ್ಲಿ, ಲೇಬರ್ ಬಂದರೆ ಪ್ರತಿ ಕುಟುಂಬಕ್ಕೆ 2,000 ಪೌಂಡ್ ತೆರಿಗೆ ಹೆಚ್ಚುತ್ತದೆ ಎಂದು ಸುನಕ್ ಮತ್ತೆ ಮತ್ತೆ ಹೇಳಿದರು. ಆ ಲೆಕ್ಕವನ್ನು ಅಧಿಕಾರಿಗಳು ಮಾಡಿದ್ದೆಂದು ಹೇಳಬಾರದು ಎಂದು ಅವರದೇ ಹಣಕಾಸು ಇಲಾಖೆಯ ಹಿರಿಯ ಅಧಿಕಾರಿ ಬರೆದ ಪತ್ರ ಮರುದಿನವೇ ಹೊರಬಂತು. ಭಾಷಣಕ್ಕಿಂತ ಇಂಥ ಒಂದು ಪತ್ರ ಮತದಾರನಿಗೆ ಎಷ್ಟೋ ಹೆಚ್ಚು ಸಹಾಯ ಮಾಡುತ್ತದೆ.

ದೇಶದಲ್ಲಿ ಲೇಬರ್ 400ಕ್ಕೂ ಹೆಚ್ಚು ಸ್ಥಾನ ಗೆದ್ದಿತು. ಆದರೆ ಅದಕ್ಕೆ ಬಿದ್ದ ಮತ ಶೇಕಡಾ 34ರಷ್ಟೇ. ಸ್ಥಾನ ಹೆಚ್ಚಾದರೆ ನಂಬಿಕೆಯೂ ಅಷ್ಟೇ ಹೆಚ್ಚಾಯಿತೆಂದು ಅರ್ಥವಲ್ಲ. ಮಗಳಿರುವ ಲೆಸ್ಟರ್ ಪೂರ್ವ ಕ್ಷೇತ್ರವಂತೂ ಗಾಳಿಗೆ ಎದುರಾಗಿ ನಿಂತಿತು. ಇಡೀ ದೇಶದಲ್ಲಿ ಕನ್ಸರ್ವೇಟಿವ್ ಪಕ್ಷ ಎದುರಾಳಿಯಿಂದ ಕಸಿದುಕೊಂಡದ್ದು ಅದೊಂದೇ ಸ್ಥಾನ. 1987ರಿಂದ 2019ರವರೆಗೆ ಅಲ್ಲಿ ಲೇಬರ್ ಸಂಸದರಾಗಿದ್ದ ಕೀತ್ ವಾಜ್ ಬೇರೆ ಪಕ್ಷದಿಂದ ನಿಂತರು. ಅವರ ನಂತರ ಲೇಬರ್‌ನಿಂದಲೇ ಗೆದ್ದು ಪಕ್ಷದಿಂದ ಹೊರಬಿದ್ದಿದ್ದ ಕ್ಲಾಡಿಯಾ ವೆಬ್ ಪಕ್ಷೇತರರಾಗಿ ನಿಂತರು. ಇಬ್ಬರೂ ಸೋತರು. ಇದನ್ನು ಕೇಳಿದಾಗ ನನಗೆ ನಮ್ಮ ಸೆಂಟ್ರಲ್ ಕ್ಷೇತ್ರ ನೆನಪಾಯಿತು. ಬಹುಕಾಲದ ಪರಿಚಯಕ್ಕೆ ಬೆಲೆಯಿದೆ, ಆದರೆ ಸರಕಾರವನ್ನೇ ಆರಿಸುವ ಚುನಾವಣೆಯಲ್ಲಿ ಆ ಪರಿಚಯವನ್ನು ಹೊಸ ಬಾವುಟದ ಕೆಳಗೆ ಹಾಗೆಯೇ ಎತ್ತಿಕೊಂಡು ಹೋಗಲು ಆಗುವುದಿಲ್ಲ. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಈಗ ನಾನು ‘ಅವರನ್ನು ನಂಬುತ್ತೀರಾ?’ ಎಂದು ಯಾರನ್ನೂ ಕೇಳುವುದಿಲ್ಲ. ‘ಯಾವ ಕೆಲಸಕ್ಕ ನಂಬ್ತೀರಿ?’ ಎಂದು ಕೇಳುತ್ತೇನೆ. ಹಾಲಿನವನನ್ನು ವರ್ಷಗಟ್ಟಲೆ ನಂಬುತ್ತೇವೆ, ಆದರೆ ಮನೆಯ ಬೀಗದ ಕೈ ಕೊಡುವುದಿಲ್ಲ. ಅದು ಅವನಿಗೆ ಮಾಡಿದ ಅವಮಾನವಲ್ಲ. ನಾಯಕರ ವಿಷಯದಲ್ಲೂ ಅಷ್ಟು ಸ್ಪಷ್ಟತೆ ಬೇಕು. ಪ್ರಶ್ನೆ ಹೀಗೆ ಬದಲಾದ ಕೂಡಲೇ ಜಗಳದ ದನಿ ಇಳಿಯುವುದನ್ನು ನಾನು ಸ್ಟಾಫ್ ರೂಮಿನಲ್ಲೇ ಕಂಡಿದ್ದೇನೆ. ಜಾತಿ, ಅಭಿಮಾನ, ಊರಿನ ಸಂಬಂಧ ಸ್ವಲ್ಪ ಹಿಂದೆ ಸರಿದು, ಮಾಡಿದ್ದೇನು, ಬಿಟ್ಟಿದ್ದೇನು ಎಂಬುದು ಮುಂದೆ ಬರುತ್ತದೆ.

ಮಹದಾಯಿ ನೀರನ್ನು ಮಲಪ್ರಭೆಗೆ ತರುವ ಕಳಸಾ-ಬಂಡೂರಿ ಯೋಜನೆಯನ್ನೇ ನೋಡಿ. 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18 ಟಿಎಂಸಿ ಮಲಪ್ರಭೆಗೆ ತಿರುಗಿಸಿಕೊಳ್ಳಲು ಒಪ್ಪಿಗೆ ಸಿಕ್ಕಿತು. 2020ರ ಫೆಬ್ರವರಿಯಲ್ಲಿ ಕೇಂದ್ರದ ಅಧಿಸೂಚನೆ ಬಂತು, 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಸಮ್ಮತಿಸಿತು. ಆಮೇಲೆ ವಿಷಯ ಅರಣ್ಯ, ವನ್ಯಜೀವಿ ಅನುಮತಿಗಳಲ್ಲಿ ಸಿಕ್ಕಿಕೊಂಡಿತು. ಪ್ರತಿ ಚುನಾವಣೆಯಲ್ಲಿ ಎಲ್ಲ ಪಕ್ಷದವರೂ ಈ ನೀರಿನ ಭರವಸೆ ಕೊಟ್ಟಿದ್ದಾರೆ. ‘ನೀರು ತರ್ತೀವಿ’ ಎಂದವರಿಗೆ ಕೇಳಬೇಕಾದದ್ದು ಇಷ್ಟು: ಯಾವ ಅನುಮತಿ ಬಾಕಿ ಇದೆ, ಯಾವ ಕಚೇರಿಯಲ್ಲಿದೆ, ಅದಕ್ಕಾಗಿ ನೀವು ಇಲ್ಲಿಯವರೆಗೆ ಮಾಡಿದ್ದೇನು, ಯಾವ ದಿನಾಂಕದೊಳಗೆ ಆಗದಿದ್ದರೆ ನಾವು ನಿಮ್ಮನ್ನು ಮತ್ತೆ ಕೇಳಬೇಕು?

ಈ ಪ್ರಶ್ನೆಗಳನ್ನು ನಾನು ಹತ್ತನೆಯ ತರಗತಿಯ ಮಕ್ಕಳಿಗೂ ಬರೆಸುತ್ತೇನೆ. ಕೆಲವೇ ವರ್ಷಗಳಲ್ಲಿ ಅವರೂ ಮತದಾರರು. ಬರೆದಿಟ್ಟ ಉತ್ತರ ನಾಳೆ ನಮ್ಮ ಕೈಯಲ್ಲಿರುವ ಸಾಕ್ಷಿ. ಕೊಟ್ಟ ನಂಬಿಕೆಯನ್ನು ಯಾವ ಕೆಲಸಕ್ಕೆ ಕೊಟ್ಟೆವು ಎಂದು ಗೊತ್ತಿದ್ದರೆ ಮಾತ್ರ ಅದನ್ನು ಹಿಂದಕ್ಕೆ ಪಡೆಯುವ ಹಕ್ಕೂ ನಮ್ಮಲ್ಲಿ ಉಳಿಯುತ್ತದೆ. ಮುಂದಿನ ಸಲ ನಿಮ್ಮ ವಾರ್ಡಿಗೆ ಕೈಮುಗಿದು ಬಂದವರು ಯಾವ ಪಕ್ಷದವರೇ ಆಗಿರಲಿ, ಒಂದು ಕೆಲಸದ ಹೆಸರು ಹೇಳಿ, ಒಂದು ದಿನಾಂಕ ಕೇಳಿ, ಅವರ ಎದುರಿಗೇ ಬರೆದುಕೊಳ್ಳಿ.