ಬೇಕಾದಾಗ ಬೇಕಾದ ಪರೀಕ್ಷೆ

ಮಕ್ಕಳೇ, ಪರೀಕ್ಷೆ ಎಂದ ಕೂಡಲೇ ನಿಮಗೆ ಶಾಲೆಯ ಪರೀಕ್ಷೆ ನೆನಪಾಗುತ್ತದೆ, ಅಲ್ಲವೇ? ಆಸ್ಪತ್ರೆಯಲ್ಲಿಯೂ ಪರೀಕ್ಷೆಗಳಿವೆ. ಅಲ್ಲಿ ರಕ್ತ, ಮೂತ್ರ, ಕಫ ಮುಂತಾದವುಗಳನ್ನು ಪರೀಕ್ಷಿಸಿ ರೋಗವನ್ನು ಗುರುತಿಸುತ್ತಾರೆ. ಈ ಪರೀಕ್ಷೆಗಳು ಎಲ್ಲ ರೋಗಿಗಳಿಗೂ ಬೇಕೇ?

ಮಕ್ತಲ್‌ನ ಒಬ್ಬ ಹುಡುಗನಿಗೆ ನೆಗಡಿಯಾಗಿದೆ ಎಂದು ತಿಳಿಯಿರಿ. ವೈದ್ಯರು ಅವನ ಗಂಟಲು ನೋಡುತ್ತಾರೆ. ಎದೆಯ ಸಪ್ಪಳ ಕೇಳುತ್ತಾರೆ. ಸಾಮಾನ್ಯ ನೆಗಡಿ ವಾರ, ಹತ್ತು ದಿನಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಅದಕ್ಕೆ ರಕ್ತ ಪರೀಕ್ಷೆ ಬೇಕಿಲ್ಲ.

ನಾರಾಯಣಪೇಟೆಯ ಒಬ್ಬ ಹುಡುಗಿಗೆ ಚಳಿ, ನಡುಕದೊಂದಿಗೆ ಜ್ವರ ಬಂದಿದೆ ಎಂದು ತಿಳಿಯಿರಿ. ಅದು ಮಲೇರಿಯಾ ಇರಬಹುದು, ಬೇರೆ ಜ್ವರವೂ ಇರಬಹುದು. ಮೈ ಮುಟ್ಟಿ ನೋಡಿ ಇದನ್ನು ಹೇಳಲಾಗದು. ಆಗ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆಯುತ್ತಾರೆ. ಅದನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮಲೇರಿಯಾ ರೋಗಾಣು ಕಂಡರೆ ತಕ್ಕ ಔಷಧ ಕೊಡುತ್ತಾರೆ. ಇಲ್ಲಿ ಪರೀಕ್ಷೆ ಬೇಕೇ ಬೇಕು. ಸೂಜಿಗೆ ಹೆದರಿ ತಪ್ಪಿಸಿಕೊಳ್ಳಬಾರದು. ಈ ರೋಗಾಣು ಸೊಳ್ಳೆಯ ದೇಹದಲ್ಲಿ ಬೆಳೆಯುತ್ತದೆ ಎಂಬುದನ್ನು ರೊನಾಲ್ಡ್ ರಾಸ್ ಅವರು 1897ರಲ್ಲಿ ಕಂಡುಹಿಡಿದದ್ದು ನಮ್ಮ ಸಿಕಂದರಾಬಾದಿನಲ್ಲಿಯೇ!

2021ರ ಜೂನ್ ತಿಂಗಳಲ್ಲಿ ಗದ್ವಾಲವೂ ಸೇರಿ ತೆಲಂಗಾಣದ 19 ಜಿಲ್ಲೆಗಳಲ್ಲಿ ಸರಕಾರಿ ರೋಗಪರೀಕ್ಷಾ ಕೇಂದ್ರಗಳು ಆರಂಭವಾದವು. ಹಣ ಕೊಡದೆ ಪರೀಕ್ಷೆ ಮಾಡಿಸಿಕೊಳ್ಳುವ ಅನುಕೂಲ ಜನರಿಗೆ ದೊರೆಯಿತು. ಹಣ ಕೊಡಬೇಕಿಲ್ಲ ಎಂದು ಎಲ್ಲ ಪರೀಕ್ಷೆಗಳನ್ನೂ ಮಾಡಿಸಬೇಕೇ? ಬೇಡ. ಬೇಡದ ಪರೀಕ್ಷೆಗಳು ಹೆಚ್ಚಿದರೆ, ತೀರ ಕಾಯಿಲೆಯಾದವರ ವರದಿ ಬರುವುದು ತಡವಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಅನೇಕ ವರದಿಗಳಲ್ಲಿ 'ಇಷ್ಟರಿಂದ ಇಷ್ಟರವರೆಗೆ' ಎಂದು ಮಿತಿಯನ್ನು ಬರೆದಿರುತ್ತಾರೆ. ಎಲ್ಲರ ಎತ್ತರ ಒಂದೇ ಇರುವುದಿಲ್ಲ; ರಕ್ತದ ಅಳತೆಗಳೂ ಹಾಗೆಯೇ. 100 ಜನ ಆರೋಗ್ಯವಂತರಲ್ಲಿ ಸುಮಾರು 5 ಜನರ ಫಲಿತಾಂಶ ಮಿತಿಯ ಹೊರಗೆ ಬರುತ್ತದೆ. ಅವರಿಗೆ ರೋಗವಿಲ್ಲ, ಆದರೂ ಗಾಬರಿ ತಪ್ಪದು. ಕಾರಣವಿಲ್ಲದೆ ಪರೀಕ್ಷೆ ಮಾಡಿಸಿದಷ್ಟೂ ಇಂಥ ಗಾಬರಿ ಹೆಚ್ಚುತ್ತದೆ.

ಆಸ್ಪತ್ರೆಗೆ ಹೋಗುವಾಗ ಹಳೆಯ ವರದಿಗಳನ್ನು ತಪ್ಪದೆ ಒಯ್ಯಿರಿ. ಮಾಡಿಸಿದ ಪರೀಕ್ಷೆಯನ್ನೇ ಮತ್ತೆ ಮಾಡಿಸುವುದು ತಪ್ಪಬಹುದು. ನಿಮ್ಮ ತೊಂದರೆಯನ್ನು ಮುಚ್ಚಿಡದೆ ಹೇಳಿರಿ. "ಡಾಕ್ಟರೇ, ಈ ಪರೀಕ್ಷೆಯಿಂದ ಏನು ತಿಳಿಯುತ್ತದೆ?" ಎಂದು ಕೇಳಲು ಸಂಕೋಚ ಬೇಡ. ವೈದ್ಯರು ಬೇಕೆಂದ ಪರೀಕ್ಷೆಯನ್ನು ಬಿಡಬೇಡಿರಿ. ಬೇಡವೆಂದದ್ದಕ್ಕೆ ಹಟ ಹಿಡಿಯಬೇಡಿರಿ.

ಪದಗಳ ಅರ್ಥ
ಸೂಕ್ಷ್ಮದರ್ಶಕ – ಕಣ್ಣಿಗೆ ಕಾಣದ ಸಣ್ಣ ವಸ್ತುಗಳನ್ನು ದೊಡ್ಡದಾಗಿ ತೋರಿಸುವ ಸಾಧನ
ಮಿತಿ – ಎಲ್ಲೆ
ವರದಿ – ಪರೀಕ್ಷೆಯ ಫಲಿತಾಂಶ ಬರೆದ ಕಾಗದ

ಅಭ್ಯಾಸ
1. ನೆಗಡಿಯಾದ ಹುಡುಗನಿಗೆ ರಕ್ತ ಪರೀಕ್ಷೆ ಏಕೆ ಬೇಕಿಲ್ಲ?
2. ಮಲೇರಿಯಾ ಪರೀಕ್ಷೆಯನ್ನು ಹೇಗೆ ಮಾಡುತ್ತಾರೆ?
3. ಬೇಡದ ಪರೀಕ್ಷೆಗಳಿಂದ ಆಗುವ ಎರಡು ತೊಂದರೆಗಳನ್ನು ಬರೆಯಿರಿ.
4. ಮನೆಯಲ್ಲಿರುವ ಹಳೆಯ ವರದಿಗಳನ್ನು ಹಿರಿಯರೊಡನೆ ತಾರೀಖಿನಂತೆ ಜೋಡಿಸಿಡಿರಿ.